ಅಂಗೈ ಮೇಲಿನ ಬೆಳಗಾವಿ

ಬೆಳಗಾವಿಯಿಂದ ಲಂಡನ್ನಿಗೆ ಓದಲು ಹೋದಾಗ ನನ್ನ ಕೋಣೆಯಲ್ಲಿ ಮೊದಲೇ ಇದ್ದವರು ಖಾನಾಪುರದ ಒಬ್ಬ ಅಕ್ಕ. ದಾರಿ ಕೇಳಿದರೆ ಅವರು ಫೋನು ತೆಗೆಯುತ್ತಿರಲಿಲ್ಲ. ಎಡಗೈ ಬಿಚ್ಚಿ ಅಂಗೈ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

"ಹೆದರಬ್ಯಾಡ. ಖರೇ ಅಂದ್ರ ಇದೂ ಬೆಳಗಾವಿನ ಐತಿ."

ಲಂಡನ್ನಿನ ನದಿ ದಡದ ಹಳೆಯ ಕೋಟೆ ಅವರಿಗೆ ನಮ್ಮ ಬೆಳಗಾವಿಯ ಕೋಟೆಯೇ. ಕಾರ್ಖಾನೆಗಳಿದ್ದ ಊರಂಚು ನಮ್ಮೂರ ಹೊರವಲಯದ ಮಚ್ಛೆ. ನಾವಿದ್ದ, ಒಂದೇ ಅಚ್ಚಿನ ಮನೆಗಳ ಬೀದಿ ರಾಮತೀರ್ಥ ನಗರ.

ಒಂದು ಸಂಜೆ ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಇಳಿದೆ. ಎಲ್ಲಿದ್ದೇನೆಂದೇ ತಿಳಿಯಲಿಲ್ಲ. ಅಳುತ್ತಲೇ ಅವರಿಗೆ ಫೋನು ಮಾಡಿದೆ.

"ಬಾಜೂಕ ಏನೈತಿ?"

"ಬರೇ ಫ್ಯಾಕ್ಟರಿ ಅದಾವು, ಅಕ್ಕಾ."

"ಹಂಗಾರ ಮಚ್ಛೆದಾಗ ಅದೀ ತಗೋ. ಮಚ್ಛೆಕ್ಕ ಹೋಗಿ ಯಾರರ ಅಳ್ತಾರೇನ? ಅದ ಬಸ್ ಹತ್ತಿ ಕೋಟಿ ಕಡೆ ಬಾ."

ಅಳುತ್ತಿದ್ದವಳಿಗೆ ನಗು ಬಂತು. ಬಸ್ ಹತ್ತಿದೆ.

ಕೋಣೆಗೆ ಬಂದಾಗ ಅಕ್ಕ ಚಹಾ ಇಟ್ಟಿದ್ದರು. ಕಪ್ಪು ಹಿಡಿದು ಸುಮ್ಮನೆ ಕೇಳಿದೆ: "ಅಕ್ಕಾ, ಮತ್ತ ನಿಮ್ಮ ಖಾನಾಪುರ ಇಲ್ಲಿ ಎಲ್ಲೈತಿ?"

ರೂಢಿಯಂತೆ ಅಂಗೈ ಬಿಚ್ಚಿದವರು ಗೆರೆ ಎಳೆಯಲಿಲ್ಲ. ಹಾಗೇ ಮೆಲ್ಲಗೆ ಮುಚ್ಚಿದರು.

"ಅದನ್ನ ಎಲ್ಲೂ ಇಟ್ಟಿಲ್ಲವ್ವಾ. ಇಟ್ಟಿದ್ರ ದಿನಾ ಅಲ್ಲೇ ಹೋಗಿ ಕುಂದರತಿದ್ದೆ."