ಮೊರಾಗ್ ಕಿನ್‌ಕೇಡ್ ಅವರೂ ಮದ್ದು ತಾಗದ ಕುರಿಯೂ

ಹಲ್ಲಿನೊಳಗೂ ಒಂದು ಜೀವವಿದೆ ಎಂಬುದು ಅದು ನೋಯುವವರೆಗೆ ಯಾರಿಗೂ ನೆನಪಾಗುವುದಿಲ್ಲ. ನೋಯತೊಡಗಿದ ಮೇಲೆ ಆ ಜೀವವನ್ನೇ ಕೆದಕಿ ತೆಗೆದು, ಬರಿದಾದ ಜಾಗವನ್ನು ತುಂಬಿ ಮುಚ್ಚುವುದು ಬಹುಕಾಲದ ವೈದ್ಯವಾಗಿತ್ತು. ಹಾಗೆ ಮುಚ್ಚುವ ಮುನ್ನ, ಅಳಿದುಳಿದ ತಿರುಳಿಗೆ ಮತ್ತೆ ಹಬ್ಬಲು ಒಂದು ಹಂದರ ಹಾಕಿಕೊಟ್ಟರೇನು ಎಂದು ಕೇಳಿದವರ ಸಾಲಿನಲ್ಲಿ ಪ್ರೊಫೆಸರ್ ಮೊರಾಗ್ ಕಿನ್‌ಕೇಡ್ ಅವರದು ಗೌರವದ ಸ್ಥಾನ. ಇತರರು ರೇಷ್ಮೆಯ ಪ್ರೋಟೀನನ್ನು ಹಿಡಿದರೆ, ಅವರು ನಮ್ಮ ದಕ್ಷಿಣ ದ್ವೀಪದ ಕುರಿಯ ಉಣ್ಣೆಯನ್ನು ಹಿಡಿದರು. ಉಣ್ಣೆಯಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಕರಗಿಸಿ ಮಾಡಿದ ಲೋಳೆಯಲ್ಲಿ ತಿರುಳಿನ ಜೀವಕೋಶಗಳು ಬೇರೂರಬಲ್ಲವೆಂದು ತೋರಿಸಲು ಇಪ್ಪತ್ತಾರು ವರ್ಷ ಕೊಟ್ಟರು.

ಉಣ್ಣೆ ಕತ್ತರಿಸುವವರ ಮಗಳಾಗಿ ಗೋರ್ ಊರಿನಲ್ಲಿ ಹುಟ್ಟಿದ ಅವರು ವೃತ್ತಿ ಆರಂಭಿಸಿದ್ದು ಶಾಲಾ ದಂತಶುಶ್ರೂಷಕಿಯಾಗಿ, ಮಕ್ಕಳು ಹೆದರಿ 'ಕೊಲೆಮನೆ' ಎಂದು ಕರೆಯುತ್ತಿದ್ದ, ಶಾಲೆಯ ಹಲ್ಲಿನ ಚಿಕಿತ್ಸೆಯ ಪುಟ್ಟ ಕೋಣೆಯಲ್ಲಿ. ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳನ್ನು ತಮ್ಮ ಕೈಯಾರೆ ಕೊಂದೆನೆಂಬ ಅಳಲು ಅವರನ್ನು ಮೂವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿಸಿತು.

ಸಂಕೋಚದ ಸ್ವಭಾವದ ನಾನು ಅವರ ಪ್ರಯೋಗಾಲಯಕ್ಕೆ ವಿದ್ಯಾರ್ಥಿನಿಯಾಗಿ ಸೇರಿದ ಹೊಸತರಲ್ಲಿ, ಅಲ್ಲಿ ಮಾತನಾಡದೆ ಕಳೆದ ದಿನಗಳೇ ಹೆಚ್ಚು. ಮಧ್ಯಾಹ್ನ ಎಲ್ಲರ ಕಣ್ಣು ತಪ್ಪಿಸಿ ಉಣ್ಣೆಯ ಕೋಣೆಯಲ್ಲಿ ಕೂರುತ್ತಿದ್ದ ನನ್ನ ಪಕ್ಕ, ಬಿಸಿ ಚೀಸ್ ರೋಲ್ ಒಂದನ್ನು ಇಟ್ಟು, ಏನೂ ಕೇಳದೆ ಹೋಗಿಬಿಡುತ್ತಿದ್ದರು. ಆ ಕೇಳದಿರುವಿಕೆಗೆ ನಾನು ಇಂದಿಗೂ ಋಣಿ.

ಎರಡನೆಯ ವರ್ಷ, ಉಣ್ಣೆ ಒದಗಿಸುತ್ತಿದ್ದವರು ಅಂಗಡಿ ಮುಚ್ಚಿದಾಗ, ನಾನು ನಮ್ಮ ತಂದೆಯ ಮಂದೆಯಿಂದ ಆರು ಕುರಿಗಳ ಉಣ್ಣೆ ತಂದೆ. ಮನೆಯ ಉಣ್ಣೆಯೆಂದರೆ ಶುದ್ಧ ಎಂದು ಅವರೂ ನಂಬಿದರು, ನಾನೂ ನಂಬಿದೆ. ಅದರಿಂದ ಮಾಡಿದ ಲೋಳೆಯಲ್ಲಿ ಜೀವಕೋಶಗಳು ನಾಲ್ಕು ಸಲವೂ ಸತ್ತವು. ನೀರು, ಗಾಜು, ಶಾಖ ಎಲ್ಲವನ್ನೂ ಪರೀಕ್ಷಿಸಿದ್ದಾಯಿತು. ಮೊದಲ ರೋಗಿಗಳ ಮೇಲಿನ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿ ಸೇರಲು ಇನ್ನು ಎಂಟೇ ದಿನ. ಉಣ್ಣೆ ಬದಲಾದೊಡನೆ ಸೋಲುವ ಮದ್ದನ್ನು ಯಾರ ಬಾಯಿಗೂ ಇಡಲಾರೆನೆಂದು ಅವರು ಅರ್ಜಿ ಹಿಂತೆಗೆಯುವ ಪತ್ರ ಬರೆಯತೊಡಗಿದರು.

ಆ ಭಾನುವಾರ, ಕುರಿಗಳ ಮೈಗೆ ಏನಾದರೂ ಮದ್ದು ಹಾಕಿದ್ದರೇ ಎಂದು ಫೋನಿನಲ್ಲಿ ಅಪ್ಪನನ್ನು ಕೇಳಿದೆ.

"ಹೇನಿನ ಮದ್ದಾ? ಹಾಕ್ದೇ ಬಿಡ್ತೀನಾ? ನೀನು ಬರೋಕೆ ಎರಡು ವಾರ ಮುಂಚೆ ಬೆನ್ನ ಮೇಲೆ ಸುರಿದಿದ್ದೆ. ಅಷ್ಟೂ ಕೇಳ್ಲಿಲ್ವಲ್ಲೇ, ನೀನೆಂಥಾ ಕುರಿಗಾರನ ಮಗಳೇ!"

ನಾವು ಉಣ್ಣೆಯನ್ನು ಹಗುರವಾಗಿ ತೊಳೆದಿದ್ದೆವು; ಮದ್ದು ಅದರ ಜಿಡ್ಡಿನಲ್ಲೇ ಉಳಿದು ಜೀವಕೋಶಗಳನ್ನು ಕೊಂದಿತ್ತು. ಇದನ್ನು ದಿನಚರಿಯಲ್ಲಿ ಬರೆದೆನೇ ಹೊರತು ಎರಡು ದಿನ ಬಾಯಿಬಿಟ್ಟು ಹೇಳಲಾಗಲಿಲ್ಲ. ಮೂರನೆಯ ಬೆಳಿಗ್ಗೆ ಆ ಪುಟವನ್ನೇ ತೆರೆದು ಅವರ ಮೇಜಿನ ಮೇಲಿಟ್ಟು ನಿಂತೆ. ಅವರು ಓದಿದರು, ಕನ್ನಡಕ ತೆಗೆದರು.

"ರಿಪೆಕಾ, ಬಾಯಿ ಬ್ಯಾಂಕಲ್ಲಿಟ್ಟಿದೀಯೇನೇ?"

ನಾನು ಅಳತೊಡಗಿದೆ.

"ಸಾಕು ಸುಮ್ನಿರೇ. ನಾನೂ ಉಣ್ಣೆ ಕತ್ತರಿಸೋನ ಮಗಳೇ ಅಲ್ವಾ? ಮದ್ದು ಹಾಕಿದ್ದು ಯಾವಾಗ ಅಂತ ಕೇಳ್ಬೇಕಾದೋಳು ನಾನು. ಮೊದ್ಲು ಟೀ ಕುಡಿ."

ಅರ್ಜಿ ಹಿಂತೆಗೆಯುವ ಪತ್ರವನ್ನು ಹರಿದುಹಾಕಿದರು. ಸಮಿತಿಯ ಮುಂದೆ, ಆ ಪ್ರಶ್ನೆ ಕೇಳದ ತಪ್ಪು ತಮ್ಮದೆಂದಷ್ಟೇ ಹೇಳಿ ಕಾಲಾವಕಾಶ ಬೇಡಿದರು. ನನ್ನ ಹೆಸರನ್ನು ಎತ್ತಲಿಲ್ಲ. ಮದ್ದು ಕಾಣದ ಉಣ್ಣೆಯಲ್ಲಿ ಜೀವಕೋಶಗಳು ಬದುಕಿದವು. ಅನುಮತಿ ಒಂದು ವರ್ಷ ತಡವಾಗಿ ಬಂದಿತು.

ಮೊದಲ ರೋಗಿ ಒಬ್ಬ ಬಸ್ ಚಾಲಕಿ. ಲೋಳೆ ತುಂಬಿದ ಎಂಟು ತಿಂಗಳ ನಂತರ ಅವರ ಹಲ್ಲಿಗೆ ಮಂಜುಗಡ್ಡೆ ತಾಗಿಸಿದಾಗ, "ಅಯ್ಯೋ, ಜುಂ ಅಂತು ಕಣ್ರೀ! ಏನ್ ಮಾಡಿದ್ರಿ?" ಎಂದು ಗದರಿದರು. ಹಲ್ಲಿಗೆ ಚಳಿ ತಿಳಿಯಿತೆಂದರೆ ಅದು ಬದುಕಿದೆ ಎಂದರ್ಥ. ಪ್ರೊಫೆಸರ್ ಕಿಟಕಿಯ ಬಳಿಗೆ ಹೋಗಿ ಕನ್ನಡಕ ಒರೆಸಿಕೊಂಡರು. ಕೊಲೆಮನೆಯಿಂದ ಆ ಕಿಟಕಿಯವರೆಗಿನ ದಾರಿ ಎಷ್ಟು ದೂರವೆಂದು ಅಂದು ನನಗೆ ಅರಿವಾಯಿತು.

ನಿವೃತ್ತಿಯ ಈ ಹೊತ್ತಿನಲ್ಲಿ ಅವರಿಗೆ ದೀರ್ಘಾಯುಷ್ಯವನ್ನೂ ಬಿಡುವಿಲ್ಲದ ಕೈಗಳನ್ನೂ ಕೋರುತ್ತೇನೆ. ಜೊತೆಗೆ ನಮ್ಮ ತಂದೆಯ ಸಂದೇಶವೊಂದಿದೆ. ಆ ವರ್ಷದಿಂದ ಅವರು ಪ್ರೊಫೆಸರರ ಪ್ರಯೋಗಕ್ಕೆಂದೇ ಸದಾ ಒಂದು ಕುರಿಗೆ ಹೇನಿನ ಮದ್ದು ಹಾಕದೆ ಬೇರೆಯೇ ಬೇಲಿಯೊಳಗೆ ಸಾಕುತ್ತಿದ್ದಾರೆ. "ನಿಮ್ಮ ಪ್ರೊಫೆಸರಮ್ಮನ ಕುರಿ ಮೈ ಕೆರ್ಕೊಂಡು ಕೆರ್ಕೊಂಡು ಬೇಲಿ ಮುರೀತಾ ಇದೆ. ಈಗ ಪುರುಸೊತ್ತಾಯ್ತಲ್ಲ, ಕತ್ತರಿ ಹಿಡ್ಕೊಂಡು ಬರೋಕೆ ಹೇಳು."