ಪಾಕಿಸ್ತಾನದ ಹತ್ತು ರೂಪಾಯಿ

ಪಾಯಿಂಟ್ ಕುಕ್‌ನ ಮನೆಯಿಂದ ವಿಮಾನ ಹತ್ತಿ ನಾರ್ತ್ ಸಿಡ್ನಿಯ ಆಫೀಸಿಗೆ ಮೀಟಿಂಗ್ ಅಂತ ಹೋಗಿದ್ದೆ. ಏರ್‌ಪೋರ್ಟಲ್ಲಿ ಸಿಕ್ಕ ಟ್ಯಾಕ್ಸಿ ಡ್ರೈವರ್ ಅಂಕಲ್ ಲಾಹೋರಿನವರು. ನಾನು ಇಂಡಿಯಾದವಳು ಅಂತ ಗೊತ್ತಾದದ್ದೇ ತಡ, ಮಾತು ಹಿಂದಿಗೆ ತಿರುಗಿತು. ಹಾರ್ಬರ್ ಬ್ರಿಜ್ ಮೇಲೆ ಟ್ರಾಫಿಕ್ ನಿಂತಾಗ ಪ್ಲಾಸ್ಟಿಕ್ ಕವರಿನಲ್ಲಿದ್ದ ಹತ್ತು ರೂಪಾಯಿಯ ಹಳೇ ನೋಟೊಂದನ್ನು ನನ್ನತ್ತ ಚಾಚಿದರು.

“ನಮ್ಮಪ್ಪನ ಮೊದಲ ಸಂಬಳದ್ದು, ಬೇಟಿ. ಆಗಷ್ಟೇ ದೇಶ ಹುಟ್ಟಿತ್ತು, ಸ್ವಂತ ನೋಟು ಇನ್ನೂ ಬಂದಿರಲಿಲ್ಲ. ಇಂಡಿಯಾದ ನೋಟಿನ ಮೇಲೇ ಪಾಕಿಸ್ತಾನ ಸರ್ಕಾರ ಅಂತ ಅಚ್ಚೊತ್ತಿ ಕೊಟ್ಟರು.”

ತಿರುಗಿಸಿ ನೋಡಿದೆ. ಹಿಂಬದಿಯ ಭಾಷೆಗಳ ನಡುವೆ ಕನ್ನಡ! ಕಿರುಚಿಯೇಬಿಟ್ಟೆ.

“ಅದು ತೆಲುಗು,” ಅಂದರು ಅಂಕಲ್. “ಹೈದರಾಬಾದಿನ ಪ್ಯಾಸೆಂಜರ್ ಒಬ್ಬರು ಹೇಳಿದ್ದಾರೆ.”

ಮೈಯೆಲ್ಲ ಉರಿಯಿತು. ಬೋರ್ಡಿಂಗ್ ಪಾಸಿನ ಹಿಂದೆ ದಪ್ಪಗೆ ‘ಹತ್ತು’ ಅಂತ ಬರೆದು, ಓದಿ ಹೇಳಿ ಕೊಟ್ಟೆ. “ತೆಲುಗಿನಲ್ಲಿ ಹತ್ತಕ್ಕೆ ಪದಿ ಅಂತಾರೆ, ಅದು ಬೇರೆ ಸಾಲು. ಇದು ನಮ್ಮದು. ಅಕ್ಷರ ಹೋಲಿಸಿ ನೋಡಿ.”

ಬ್ಯಾಂಕಿನವರು ಸಹಿ ಪರೀಕ್ಷಿಸುವ ಹಾಗೆ ಎರಡನ್ನೂ ಪಕ್ಕಪಕ್ಕ ಹಿಡಿದರು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅಂಕಲ್ ಕದಲಲಿಲ್ಲ.

“ಹತ್ತು,” ಅಂದರು ಕೊನೆಗೆ, ಒತ್ತಕ್ಷರವನ್ನು ಚೆನ್ನಾಗಿಯೇ ಒತ್ತಿ. “ಕನ್ನಡ. ಒಪ್ಪಿದೆ.”

ನನ್ನ ಬೋರ್ಡಿಂಗ್ ಪಾಸನ್ನೂ ಅದೇ ಕವರಿಗೆ ಸೇರಿಸಿಕೊಂಡರು, ಮುಂದಿನ ಹೈದರಾಬಾದಿನವರಿಗೆ ತೋರಿಸೋದಕ್ಕಂತೆ.

ಬೆಂಗಳೂರಿನಲ್ಲಿ ನಮ್ಮ ಬ್ಯಾಂಕಿನ ಚಲನ್ ಕನ್ನಡದಲ್ಲಿ ಬೇಕು ಅಂತ ಮ್ಯಾನೇಜರ್ ಜೊತೆ ಮೂರು ಸಲ ಜಗಳವಾಡಿ ಸೋತು ಬಂದವಳು ನಾನು. ಪಾಕಿಸ್ತಾನವೋ ನೋಡಿ, ಕೇಳುವ ಮೊದಲೇ ಕೊಟ್ಟಿತ್ತು.