ಖಾಲಿ ಕೊಡಬಾರದ ಡಬ್ಬಿ

ಮೊನ್ನೆ ಸಿಡ್ನಿಯ ಈ ಬಾಡಿಗೆ ಮನೆಯ ಕಪಾಟಿನಿಂದ ಹಳೆಯ ಸ್ಟೀಲ್ ಡಬ್ಬಿ ತೆಗೆದೆ. ಎಷ್ಟು ಸಲ ತೊಳೆದಿದ್ದರೂ ಮುಚ್ಚಳ ಬಿಚ್ಚಿದರೆ ಶೇಂಗಾ ಚಟ್ನಿಪುಡಿಯ ಘಮ. ಮೆಲ್ಬರ್ನಿನ ಪಕ್ಕದ ಮನೆ ಆಂಟಿಯದು...

ಆಗ ಮೆಲ್ಬರ್ನಿನ ಕ್ಲೇಟನ್‌ ಬಡಾವಣೆಯಲ್ಲಿ ಇನ್ನೂ ಮೂವರ ಜೊತೆ ಮನೆ ಹಂಚಿಕೊಂಡಿದ್ದೆ. ಓದು ಮುಗಿದಿತ್ತು, ಈ ದೇಶದಲ್ಲಿ ಕಾಯಂ ನೆಲೆಸಲು ಸಿಗುವ ಪಿಆರ್‌ಗೆ ಬೇಕಾದ ಇಂಗ್ಲಿಷ್ ಪರೀಕ್ಷೆ ಮಾತ್ರ ಮುಗಿಯುತ್ತಿರಲಿಲ್ಲ. ಬರವಣಿಗೆಯಲ್ಲೇ ಪ್ರತಿ ಸಲ ಮುಗ್ಗರಿಸುತ್ತಿದ್ದೆ. ಇನ್ನೊಮ್ಮೆ ಫೇಲಾದರೆ ವೀಸಾ ಮುಗಿದು ಗಂಟುಮೂಟೆ ಕಟ್ಟಬೇಕಿತ್ತು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಅಂಕವಿಲ್ಲ. ಯಾರನ್ನು ಕೇಳುವುದು?

ಆಂಟಿ ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಮಗನ ಮನೆಗೆ ಬಂದವರು. ಮಗ, ಸೊಸೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಒಬ್ಬರೇ. ಉಡುಪಿ ಕಡೆಯವಳಾದ ನನಗೆ ಅವರ ಮಾತು ಮೊದಮೊದಲು ಬೈದ ಹಾಗೆ ಕೇಳುತ್ತಿತ್ತು. ನನ್ನ ಪ್ರಬಂಧ ಓದಿದ ದಿನವಂತೂ ನಿಜವಾಗಿಯೇ ಬೈದರು.

“ಏನವಾ ಇದು? ಎಲ್ಲಾ ವಾಕ್ಯ ‘ಮೋರೋವರ್’, ‘ಫರ್ದರ್‌ಮೋರ್’ ಅಂತ ಹೊಸ್ತಿಲದಾಗ ನಿಂತು ನಮಸ್ಕಾರ ಹೊಡೀತಾವ. ಒಳಗ ಬರೂದು ಯಾವಾಗ?”

ಕೋಚಿಂಗ್‌ನಲ್ಲಿ ಉರು ಹೊಡೆಸಿದ ಪದಗಳವು. ಕಿತ್ತು ಹಾಕಿದೆ. ಈಗ ವಾಕ್ಯಗಳು ಒಂದರ ಮುಖ ಒಂದು ನೋಡದೆ ಕುಳಿತವು. ಅತ್ತೇಬಿಟ್ಟೆ. ಆಂಟಿ ಸಮಾಧಾನ ಹೇಳಲಿಲ್ಲ, ನಾನು ಮರಳಿಸಲು ತಂದಿದ್ದ ಅವರ ಚಟ್ನಿಪುಡಿಯ ಡಬ್ಬಿ ತೆರೆದರು. ಅದರಲ್ಲಿ ನಾನು ಮಾಡಿದ ಅವಲಕ್ಕಿ ಒಗ್ಗರಣೆ ಇತ್ತು.

“ಇದನ್ನ್ಯಾಕ ತುಂಬಿಸಿದಿ?”

“ಖಾಲಿ ಕೊಡ್ಲಿಕ್ಕಿಲ್ಲ ಅಲ್ವಾ, ಆಂಟಿ?”

“ವಾಕ್ಯಾನೂ ಹಂಗ. ಹಿಂದಿನದು ಕೊಟ್ಟ ಡಬ್ಬೀನ ಮುಂದಿಂದು ಹಿಡಕೊಂಡು ಬರಬೇಕು. ಒಳಗ ಹೊಸಾದು ಏನರ ಇರಬೇಕು.”

ಆಮೇಲೆ ಎಷ್ಟು ಮಧ್ಯಾಹ್ನಗಳು ಹೀಗೆ ಕಳೆದವೋ... ನಾನು ಓದುವುದು, ಅವರು ಬರಿಗೈಲಿ ಬಂದ ವಾಕ್ಯವನ್ನು ವಾಪಸು ಕಳಿಸುವುದು. ಪಾಸಾದೆ. ಪಿಆರ್ ಬಂತು, ಸಿಡ್ನಿಯಲ್ಲಿ ಕೆಲಸವೂ ಸಿಕ್ಕಿತು. ಹೊರಡುವ ದಿನ ಆಂಟಿ ಅದೇ ಡಬ್ಬಿಗೆ ಚಟ್ನಿಪುಡಿ ತುಂಬಿ ಕೈಗಿಟ್ಟರು.

“ತಿರುಗಿ ಕೊಡ್ಲಿಕ್ಕೆ ಬರಬೇಕ ಮತ್ತ.”

ಹೋದ ತಿಂಗಳು ಅವರ ಮಗ ಫೋನ್ ಮಾಡಿ ಆಂಟಿ ತೀರಿಕೊಂಡರೆಂದರು. ಮಗನಿಗೊಂದು ಇಮೇಲ್ ಬರೆಯಲು ಕುಳಿತೆ, ಇಂಗ್ಲಿಷಿನಲ್ಲೇ. ಆಫೀಸಿನಲ್ಲಿ ನನ್ನ ಬರವಣಿಗೆ ನೀರು ಹರಿದಂತೆ ಎನ್ನುತ್ತಾರೆ. ಅಂದು ಸುದ್ದಿ ತಿಳಿದು ದುಃಖವಾಯಿತು ಎಂದು ಬರೆದೆ, ಅಷ್ಟೇ. ಮುಂದಿನ ವಾಕ್ಯಕ್ಕೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಇವತ್ತು ಅವಲಕ್ಕಿ ಒಗ್ಗರಣೆ ಮಾಡಿ ಆ ಡಬ್ಬಿಗೆ ತುಂಬಿಸಿದೆ. ಮುಚ್ಚಳ ಹಾಕಿ ಮೇಜಿನ ಮೇಲಿಟ್ಟೆ. ಬಹಳ ಹೊತ್ತು ಅಲ್ಲೇ ಇತ್ತು. ಕೊನೆಗೆ ಒಬ್ಬಳೇ ಕುಳಿತು ತಿಂದೆ.